ಎರಡು ರೆಕ್ಕೆಗಳ ನಡುವಿನ ತಂತಿ

ಸುಮ್ನೆ ಹತ್ತು ನಿಮಿಷ ಅಂತ ಕೂತಿದ್ದೆ. ಸಿಂಪಲ್‌ಪ್ಲೇನ್ಸ್ ಗೇಮಿನಲ್ಲಿ ಹಾಕರ್ ಫ್ಯೂರಿ ಕಟ್ಟಲು ಹೊರಟು ಇವತ್ತಿಗೆ ನಾಲ್ಕು ರಾತ್ರಿ ಆಯಿತು.

ಇದು 1931ರಲ್ಲಿ ಬ್ರಿಟನ್ನಿನ ವಾಯುಪಡೆ ಸೇರಿದ ಜೋಡಿರೆಕ್ಕೆಯ ಫೈಟರ್. ನೇರ ಹಾರಾಟದಲ್ಲಿ ಗಂಟೆಗೆ 200 ಮೈಲಿ ದಾಟಿದ್ದು ಅವರ ಫೈಟರ್‌ಗಳಲ್ಲಿ ಇದೇ ಮೊದಲು. ಆದರೆ ನಾನು ಮರುಳಾದದ್ದು ವೇಗಕ್ಕಲ್ಲ, ಮೂತಿಗೆ. ಒಳಗಿರುವುದು ರೋಲ್ಸ್ ರಾಯ್ಸ್ ಕೆಸ್ಟ್ರೆಲ್ ಎಂಜಿನ್. ಹನ್ನೆರಡು ಸಿಲಿಂಡರುಗಳು ಎರಡು ಸಾಲಲ್ಲಿ ಶಿಸ್ತಾಗಿ ಕೂತಿವೆ. ಅದಕ್ಕೇ ಮೂತಿ ಆಗಷ್ಟೇ ಕೆತ್ತಿದ ಪೆನ್ಸಿಲಿನಂತೆ ಚೂಪು.

ಮೂತಿ ಒಂದೇ ರಾತ್ರಿಗೆ ಬಂತು. ಬಾಲಕ್ಕೆ ಅರ್ಧ ಗಂಟೆ. ಮೇಲಿನ ರೆಕ್ಕೆಯನ್ನು ತೀರಾ ಮುಂದಕ್ಕಿಟ್ಟಿದ್ದರಿಂದ ಮೊದಲ ಸಲ ವಿಮಾನ ಮೇಲೇಳುತ್ತಲೇ ಹಿಂದಕ್ಕೆ ಲಾಗ ಹಾಕಿತು. ಸರಿಮಾಡಿದೆ. ಉಳಿದದ್ದು ತಂತಿ.

ಗೇಮಿನಲ್ಲಿ ತಂತಿ ಬೇಕಾಗಿಯೇ ಇಲ್ಲ. ಅಂಟಿಸಿದ ರೆಕ್ಕೆ ಅಂಟಿಕೊಂಡೇ ಇರುತ್ತದೆ. ನಿಜವಾದ ಫ್ಯೂರಿಯಲ್ಲಿ ಹಾಗಲ್ಲ. ಎರಡು ರೆಕ್ಕೆಗಳ ನಡುವೆ ಕತ್ತರಿಯಾಕಾರದಲ್ಲಿ ತಂತಿ ಬಿಗಿದಿರುತ್ತಾರೆ. ಒಂದು ದಿಕ್ಕಿಗೆ ಓರೆಯಾದದ್ದು ಹಾರುವಾಗ ರೆಕ್ಕೆ ಮೇಲಕ್ಕೆ ಬಾಗದಂತೆ ಹಿಡಿಯುತ್ತದೆ. ಇನ್ನೊಂದು ನೆಲದ ಮೇಲಿದ್ದಾಗ ರೆಕ್ಕೆ ಜೋತುಬೀಳದಂತೆ ಹೊರುತ್ತದೆ. ಪಾಳಿ ಹಂಚಿಕೊಂಡವರ ಹಾಗೆ! ಇದು ತಿಳಿದ ಮೇಲೆ ತಂತಿ ಬಿಡಲು ಮನಸ್ಸು ಬರುತ್ತದಾ? ಹಲಗೆಯೊಂದನ್ನು ನೂಲಿನಷ್ಟು ತೆಳ್ಳಗೆ ಎಳೆದು, ಓರೆ ಮಾಡಿ, ತುದಿ ರೆಕ್ಕೆಗೆ ತಾಗಿತೋ ಇಲ್ಲವೋ ಅಂತ ಕಣ್ಣು ಕಿರಿದು ಮಾಡಿ ನೋಡಿದೆ. ಒಂದೊಂದಕ್ಕೂ ಹೀಗೇ.

ಹಾರಿಸಿದರೆ ವೇಗ ದಬಕ್ಕನೆ ಇಳಿಯಿತು. ಪ್ರತಿ ತಂತಿಯೂ ಗಾಳಿಗೆ ಅಡ್ಡ ನಿಲ್ಲುತ್ತದಲ್ವಾ? ಫ್ಯೂರಿ ರೂಪಿಸಿದ ಸಿಡ್ನಿ ಕ್ಯಾಮ್ ಕೂಡ ಕೊನೆಗೆ ಮೇಲಿನ ರೆಕ್ಕೆ, ತಂತಿ ಎಲ್ಲ ಬಿಟ್ಟು ಒಂದೇ ರೆಕ್ಕೆಯ ಫ್ಯೂರಿ ಮಾಡಲು ಹೊರಟರು. ಅದು ಬೆಳೆದು 1935ರಲ್ಲಿ ಹರಿಕೇನ್ ಎಂಬ ಫೈಟರ್ ಆಗಿ ಹಾರಿತು. ನನಗೆ ಅಷ್ಟು ಧೈರ್ಯವಿಲ್ಲ. ತಂತಿಗಳ ಗಾಳಿ ಎಳೆತವನ್ನು ಗುಟ್ಟಾಗಿ ಸೊನ್ನೆ ಮಾಡಿಬಿಟ್ಟೆ. ಮೋಸವೇ, ಒಪ್ಪಿಕೊಳ್ಳುತ್ತೇನೆ.

ವೇಗ 207 ಮೈಲಿ ಮುಟ್ಟಿತು. ಖುಷಿಯಲ್ಲಿ ಇಳಿಸುವಾಗ ಬ್ರೇಕು ಜಾಸ್ತಿ ಒತ್ತಿದೆ. ಬಾಲ ಎದ್ದು ಮೂತಿ ನೆಲ ಕಚ್ಚಿತು, ಮೇಲಿನ ರೆಕ್ಕೆ ಕಿತ್ತು ಹಾರಿತು. ತಂತಿಗಳು ಮಾತ್ರ ಹಿಡಿಯಲು ಏನೂ ಇಲ್ಲದೆ ನೆಟ್ಟಗೆ ನಿಂತೇ ಇದ್ದವು.