ಮುಂದಕ್ಕೆ ಹೋಗುವ ಕಡೆಯ ದಿನ

"ಮಾವ, ಕಡೆಯ ದಿನಾಂಕ ಮತ್ತೆ ಮುಂದಕ್ಕೆ ಹೋಯಿತು!" 2024ರ ಅಕ್ಟೋಬರ್ ಕೊನೆಯಲ್ಲಿ ಕೊಡಗಿನ ಶನಿವಾರಸಂತೆಯಿಂದ ಅಕ್ಕನ ಮಗಳು ಫೋನಿನಲ್ಲಿ ಹೀಗೆ ಕೂಗಿದಾಗ, ಕ್ಯಾಲಿಫೋರ್ನಿಯಾದಲ್ಲಿ ಕೂತ ನನಗೆ ಚುರುಕ್ಕೆಂದಿತು. ಅಖಿಲ ಭಾರತ ವಕೀಲರ ಪರೀಕ್ಷೆಗೆ ಅವಳು ಅರ್ಜಿಯನ್ನೇ ಹಾಕಿರಲಿಲ್ಲ. ವಕೀಲಿ ನೋಂದಣಿಯ ಸನ್ನದು ಬಂದಿತ್ತು, ದಾಖಲೆಗಳೆಲ್ಲ ಕೈಯಲ್ಲಿದ್ದವು. ಆದರೆ ಮಡಿಕೇರಿಯ ಹಿರಿಯ ವಕೀಲರೊಬ್ಬರು, "ಅವಸರ ಯಾಕಮ್ಮ, ಹೇಗೂ ವಿಸ್ತರಿಸುತ್ತಾರೆ" ಎಂದಿದ್ದರಂತೆ. ಅವರ ಮಾತೇ ನಿಜವಾಯಿತು. ಆ ಸಲ ನೋಂದಣಿ ನವೆಂಬರ್ ನಡುವಿನವರೆಗೂ ನಡೆಯಿತು. ಪರೀಕ್ಷೆಯೂ ನವೆಂಬರ್ 24ರಿಂದ ಡಿಸೆಂಬರ್ 1ಕ್ಕೆ, ಅಲ್ಲಿಂದ ಡಿಸೆಂಬರ್ 22ಕ್ಕೆ ಸರಿಯಿತು.

ಇಲ್ಲಿ ನಮ್ಮ ಕಚೇರಿಯ ಹುಡುಗಿಯೊಬ್ಬಳು ಕ್ಯಾಲಿಫೋರ್ನಿಯಾದ ವಕೀಲರ ಜುಲೈ ಪರೀಕ್ಷೆಗೆ ತಡವಾಗಿ ಅರ್ಜಿ ಹಾಕಿ 250 ಡಾಲರ್ ಹೆಚ್ಚುವರಿ ಕಟ್ಟಿದಳು. ಇನ್ನೂ ಮೊದಲೇ ಎಚ್ಚೆತ್ತಿದ್ದರೆ 50ರಲ್ಲಿ ಮುಗಿಯುತ್ತಿತ್ತು. ತಡ ಯಾಕಾಯಿತೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ದಂಡದ ಮೊತ್ತ ಮೊದಲೇ ಗೊತ್ತಿತ್ತು, ಕಟ್ಟಿದಳು. ಪರೀಕ್ಷೆ ಮಾತ್ರ ಜುಲೈ ಕೊನೆಯ ಮಂಗಳವಾರ, ಬುಧವಾರಗಳಂದೇ ನಡೆಯಿತು. ಊರಿನಲ್ಲಿ ಆ ಸಲ ಸಾಮಾನ್ಯ ವರ್ಗದಲ್ಲಿ ಮೊದಲ ದಿನ ಕಟ್ಟಿದವರಿಗೂ 3,500 ರೂಪಾಯಿ, ಕಡೆಯ ಗಳಿಗೆಯಲ್ಲಿ ಕಟ್ಟಿದವರಿಗೂ 3,500 ರೂಪಾಯಿ. ಹಾಗಿದ್ದರೆ ಹೊತ್ತಿಗೆ ಸರಿಯಾಗಿ ಬಂದವರಿಗೆ ಸಿಕ್ಕಿದ್ದೇನು? ನವೆಂಬರ್‌ಗೆಂದು ಓದಿ ಮುಗಿಸಿ, ಅರೇಬಿಕಾ ಕಾಫಿಯ ಕುಯ್ಲಿಗೆ ಮನೆಯವರಿಗೆ ಕೈಜೋಡಿಸೋಣ, ಹುತ್ತರಿ ಹಬ್ಬವನ್ನು ನೆಮ್ಮದಿಯಿಂದ ಮಾಡೋಣ ಎಂದುಕೊಂಡವರು ಡಿಸೆಂಬರ್‌ನಲ್ಲಿ ಮತ್ತೆ ಪುಸ್ತಕ ಹಿಡಿಯಬೇಕಾಯಿತು. ಅವರ ಬಗ್ಗೆ ಒಬ್ಬರೂ ಮಾತನಾಡುವುದಿಲ್ಲ.

ನನಗೆ ಹೆಚ್ಚು ಸಂಕಟವಾಗುವುದು ಇದು ವಕೀಲರ ಪರೀಕ್ಷೆ ಎಂಬುದಕ್ಕೆ. ನಾಳೆ ಅಕ್ಕನ ಮಗಳು ಹೈಕೋರ್ಟಿಗೆ ಸಿವಿಲ್ ಮೇಲ್ಮನವಿ ಹಾಕುವಾಗ 90 ದಿನದ ಗಡುವು ಮೀರಿದರೆ, ಅವಧಿ ಪರಿಮಿತಿ ಕಾಯ್ದೆಯ 5ನೇ ಕಲಮಿನಡಿ ತಡವನ್ನು ಮನ್ನಿಸಬೇಕೆಂದು ಅರ್ಜಿ ಕೊಡಬೇಕು, ಸಾಕಷ್ಟು ಕಾರಣ ತೋರಿಸಬೇಕು. ಕಾರಣ ಒಪ್ಪಿಗೆಯಾಗದಿದ್ದರೆ ಕಕ್ಷಿದಾರನ ಗದ್ದೆಯೋ ತೋಟವೋ ಹೋದಂತೆಯೇ. ಆ ವೃತ್ತಿಗೆ ಕಾಲಿಡುವ ಬಾಗಿಲಲ್ಲೇ ಗಡುವಿಗೆ ಬೆಲೆಯಿಲ್ಲವೆಂದು ಕಲಿಸುವುದು ಯಾವ ನ್ಯಾಯ? ಮಡಿಕೇರಿಯ ಆ ಹಿರಿಯರು ಕೆಟ್ಟವರಲ್ಲ. ವರ್ಷಗಟ್ಟಲೆ ಕಂಡದ್ದನ್ನು ಹೇಳಿದರು, ಅಷ್ಟೇ.

ಇಲ್ಲಿಯದೆಲ್ಲ ಚಿನ್ನ ಎನ್ನಲಾರೆ. 2025ರ ಫೆಬ್ರವರಿಯ ಕ್ಯಾಲಿಫೋರ್ನಿಯಾ ಪರೀಕ್ಷೆಯಲ್ಲಿ ತಂತ್ರಾಂಶವೇ ಕೈಕೊಟ್ಟು, ಹೊತ್ತಿಗೆ ಸರಿಯಾಗಿ ಹಣ ಕಟ್ಟಿದವರೂ ಪರದೆಯ ಮುಂದೆ ಒದ್ದಾಡಿದರು. 250 ಡಾಲರ್ ಇಲ್ಲದವರು ಏನು ಮಾಡಬೇಕು ಎಂಬುದಕ್ಕೂ ನನ್ನಲ್ಲಿ ಉತ್ತರವಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಾದಂತೆ ಗುಡ್ಡ ಕುಸಿದು, ರಸ್ತೆ ಕಡಿದು, ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲದ ಮನೆಯಲ್ಲಿ ಕೂತವರಿಗೆ ದಂಡ ಹಾಕುವುದು ಅನ್ಯಾಯವೇ. ಅಂಥವರಿಗೆ ಕಾರಣ ಬರೆದುಕೊಡುವ ಅವಕಾಶವಿರಲಿ, ಅದನ್ನು ಓದಿ ತೀರ್ಮಾನಿಸುವವರಿರಲಿ. ಅಕ್ಟೋಬರ್ ಪೂರ್ತಿ ಕೈಕಟ್ಟಿ ಕೂತ ನನ್ನ ಸೋದರಸೊಸೆಯಿಂದ ಮಾತ್ರ ತಡದ ದಂಡ ವಸೂಲು ಮಾಡಬೇಕಿತ್ತು. ಅಕ್ಕನಿಗೂ ಇದನ್ನೇ ಹೇಳಿದ್ದೇನೆ.