ಪ್ಯಾಂಟಿನ ತುಂಬ ಪ್ರಯಾಣಿಕರು

ಮಳೆ ಹಿಂದೆ ಸರಿದು ಚಳಿ ಇನ್ನೂ ಕಾಲಿಡದ ಈ ದಿನಗಳಲ್ಲಿ ಬಯಲಲ್ಲಿ ಅಡ್ಡಾಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಆಕಾಶ ತಿಳಿಯಾಗಿರುತ್ತದೆ, ಬಿಸಿಲು ಹದವಾಗಿರುತ್ತದೆ, ಹುಲ್ಲು ಸೊಂಟದೆತ್ತರ ಬೆಳೆದು ಹೊಂಬಣ್ಣಕ್ಕೆ ತಿರುಗಿರುತ್ತದೆ. ಎಲ್ಲ ನಿಜ. ಆದರೆ ಆ ಹುಲ್ಲು ಅಲ್ಲಿ ಸುಮ್ನೆ ನಿಂತಿಲ್ಲ, ಕೂಲಿಯಾಳಿಗಾಗಿ ಕಾಯುತ್ತಿದೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನಮ್ಮ ಮನೆ ಹಿಂದೆ ಅಂಥದೊಂದು ಬಯಲಿದೆ. ಯಾರೂ ಉತ್ತಿಲ್ಲ, ಬಿತ್ತಿಲ್ಲ, ಬೇಲಿ ಹಾಕಿಲ್ಲ. ಹುಲ್ಲು, ಪೊದೆ, ನಡುವೆ ಒಂದು ಕಾಲುದಾರಿ. ಬೆಳಗ್ಗೆ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗುತ್ತೇವೆ. ಕಾಲುದಾರಿ ಶುರುವಾಗುವ ಕಡೆ ಅವಳು ನಿಂತು, “ನೀವು ಮುಂದೆ ನಡೀರಿ” ಅನ್ನುತ್ತಾಳೆ. ಮನೆಯಲ್ಲಿ ಯಾವ ವಿಷಯಕ್ಕೂ ನನ್ನನ್ನು ಮುಂದೆ ಬಿಡದವಳು ಇಲ್ಲಿ ಇಷ್ಟು ಮರ್ಯಾದೆ ಕೊಡುವುದಕ್ಕೆ ಕಾರಣ ಜೇಡ.

ಮಳೆಗಾಲ ಪೂರ್ತಿ ಹುಳ ತಿಂದು ಬೆಳೆದ ಹೆಣ್ಣು ಜೇಡಗಳು ಈ ಹೊತ್ತಿಗೆ ದಷ್ಟಪುಷ್ಟವಾಗಿರುತ್ತವೆ. ಈ ಪೊದೆಯಿಂದ ಆ ಪೊದೆಗೆ, ಸರಿಯಾಗಿ ದಾರಿಗೆ ಅಡ್ಡಲಾಗಿ ಬಲೆ ಕಟ್ಟುತ್ತವೆ. ಹಾರುವ ಹುಳಗಳು ಓಡಾಡುವುದೂ ಅದೇ ಸಂದಿಯಲ್ಲೇ ಅಲ್ವಾ? ಎತ್ತರ ಮಾತ್ರ ನನ್ನ ಮೂಗಿನ ಅಳತೆ ತೆಗೆದೇ ಕಟ್ಟಿದ್ದು. ಮೊನ್ನೆ ಒಂದು ಬಲೆ ಮುಖದ ತುಂಬ ಮೆತ್ತಿಕೊಂಡಿತು. ಬಲೆ ಸಿಕ್ಕಿತು ಸರಿ, ಜೇಡ ಎಲ್ಲಿ? ಕಾಲರ್ ಕೊಡವಿದೆ, ತಲೆ ಕೆದರಿದೆ, ಒಂಟಿ ಕಾಲಲ್ಲಿ ಕುಣಿದೆ. ಎದುರಿಗೆ ಬರುತ್ತಿದ್ದ ಹಿರಿಯರೊಬ್ಬರು ಸ್ವಲ್ಪ ಹೊತ್ತು ನಿಂತು ನೋಡಿ, “ಯಾವ ವ್ಯಾಯಾಮ ಇದು, ಸೊಂಟಕ್ಕಾ?” ಅಂದರು.

“ಹೌದು, ದಿನಾ ಮಾಡ್ತಾರೆ” ಅಂದಳು ನನ್ನ ಹೆಂಡತಿ.

ಜೇಡದ್ದು ಮುಖದ ಮಟ್ಟದ ವ್ಯವಹಾರ. ಮೊಣಕಾಲಿನಿಂದ ಕೆಳಗೆ ಬೇರೆಯವರ ಆಡಳಿತ. ಅಲ್ಲಿ ಉತ್ತರಾಣಿ ದಾರಿಯ ಎರಡೂ ಬದಿಯಿಂದ ಕಡ್ಡಿ ಚಾಚಿ ನಿಂತಿರುತ್ತದೆ. ಕಡ್ಡಿಯ ಉದ್ದಕ್ಕೂ ಪುಟ್ಟ ಕಾಯಿಗಳು ತಲೆಕೆಳಗಾಗಿ ಒತ್ತಿಕೊಂಡಿರುತ್ತವೆ. ಬೆರಳನ್ನು ಮೇಲಿನಿಂದ ಕೆಳಕ್ಕೆ ಸವರಿದರೆ ಏನೂ ಆಗುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಸವರಿ ನೋಡಿ, ಅಷ್ಟೂ ಬೆರಳಿಗೇ. ಪ್ಯಾಂಟು ತಾಗಿದರೆ ಸಾಕು, ಕಾಯಿಗಳು ಟಿಕೆಟ್ ಇಲ್ಲದೆ ಹತ್ತಿ ಕೂರುತ್ತವೆ. ಬಿಡಿಸಲು ಹೋದರೆ ಕಾಲಿನದು ಕೈಗೆ ಅಂಟುತ್ತದೆ, ಕೈಯಿಂದ ಕೊಡವಿದ್ದು ಅಂಗಿಯ ತೋಳಿಗೆ ವರ್ಗಾವಣೆಯಾಗುತ್ತದೆ. ನಾನು ಗಾಳಿ ಕುಡಿಯಲು ಬಂದೆ ಅಂದುಕೊಂಡಿರುತ್ತೇನೆ. ಉತ್ತರಾಣಿಯ ಲೆಕ್ಕದಲ್ಲಿ ನಾನು ಬಿಟ್ಟಿ ಲಗೇಜ್ ಗಾಡಿ.

ಇದೇ ಕಷ್ಟದಲ್ಲಿ ದುಡ್ಡು ಮಾಡಿದವರೂ ಇದ್ದಾರೆ ಅನ್ನುವುದು ಇನ್ನೂ ಹೊಟ್ಟೆ ಉರಿಸುವ ವಿಷಯ. 1941ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಲ್ ನಾಯಿಯ ಜೊತೆ ಸುತ್ತಾಡಿ ಬಂದಾಗ ಮೈಯೆಲ್ಲ ಮುಳ್ಳುಕಾಯಿ. ಅವರು ಅದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಸಣ್ಣ ಕೊಕ್ಕೆಗಳು ಬಟ್ಟೆಯ ನೂಲಿಗೆ ಸಿಕ್ಕಿಕೊಳ್ಳುವುದನ್ನು ನೋಡಿದರು. ಅದರಿಂದ ವೆಲ್ಕ್ರೋ ಹುಟ್ಟಿತು. 1955ರಲ್ಲಿ ಪೇಟೆಂಟೂ ಸಿಕ್ಕಿತು. ಇವತ್ತು ಮಕ್ಕಳ ಶೂಗಳಲ್ಲಿ ಚರ್ ಅನ್ನುತ್ತದಲ್ಲ, ಅದೇ. ಆದರೆ ಆವತ್ತಿನ ಆ ಪ್ಯಾಂಟನ್ನು ಕೊನೆಗೆ ಕೂತು ಬಿಡಿಸಿದವರು ಯಾರು ಅಂತ ಯಾರೂ ಬರೆದಿಲ್ಲ. ನಮ್ಮ ಮನೆಯಲ್ಲಿ ಮೈಕ್ರೋಸ್ಕೋಪ್ ಇಲ್ಲ. ಹೆಂಡತಿಯ ಬಾಚಣಿಗೆ ಇದೆ. ಪ್ಯಾಂಟನ್ನು ಮೆಟ್ಟಿಲ ಮೇಲೆ ಹಾಸಿ ಬಾಚಿದೆ, ಚೆನ್ನಾಗಿ ಕೆಲಸ ಮಾಡಿತು. ಬಾಚಣಿಗೆ ಎಲ್ಲಿ ಹೋಯಿತು ಅಂತ ಅವಳು ಇನ್ನೂ ಹುಡುಕುತ್ತಿದ್ದಾಳೆ.

ಇಷ್ಟರಲ್ಲಿ ಸಾಕ್ಸ್ ಮರೆತೇ ಹೋಗಿತ್ತು. ಅದರೊಳಗೆ ಕೂತಿದ್ದವನು ಊಬಿನ ಹುಲ್ಲು, ಉತ್ತರಾಣಿಗಿಂತ ಜಾಸ್ತಿ ಓದಿಕೊಂಡವನು. ಬೀಜದ ತುದಿ ಚೂಪು, ಅದರ ಮೇಲೆ ಹಿಂದಕ್ಕೆ ಬಾಗಿದ ರೋಮ. ಒಳಗೆ ಹೋಗುವುದಕ್ಕೆ ದಾರಿ ಉಂಟು, ಹಿಂದೆ ಬರುವುದಕ್ಕೆ ಇಲ್ಲ. ಹಿಂದೆ ಬಾಲದ ಹಾಗೆ ಇರುವ ಊಬು ಹುರಿಗೊಂಡಿರುತ್ತದೆ. ಒದ್ದೆಯಾದರೆ ಹುರಿ ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಮತ್ತೆ ಸುತ್ತಿಕೊಳ್ಳುತ್ತದೆ. ಹೀಗೆ ತಿರುಗಿ ತಿರುಗಿ ಬೀಜ ತಾನೇ ಮಣ್ಣು ಕೊರೆದುಕೊಂಡು ಇಳಿಯುತ್ತದೆ. ಮಣ್ಣಲ್ಲಿ ಇದು ಜಾಣತನ. ವಾಷಿಂಗ್ ಮಷಿನ್ನಿನಲ್ಲಿ ಏನಾಗುತ್ತದೆ ಅಂತ ಯೋಚಿಸಿ. ನೀರು ಸಿಕ್ಕಿತು, ತಿರುಗುವುದಂತೂ ಮಷಿನ್ನಿನ ಕಸುಬೇ. ಆಮೇಲೆ ತಂತಿಯ ಮೇಲೆ ಒಳ್ಳೇ ಬಿಸಿಲು. ಸಾಕ್ಸು ಸ್ವಚ್ಛವಾಯಿತು. ಬೀಜಗಳು ಪ್ಯಾಂಟಿನಲ್ಲಿ ಉಳಿದಿದ್ದ ಉತ್ತರಾಣಿಯನ್ನೂ ಕರೆದುಕೊಂಡು ಟವೆಲ್ಲಿಗೆ ಮನೆ ಬದಲಾಯಿಸಿದವು.

ಆ ಟವೆಲ್ ಸಿಕ್ಕಿದ್ದು ನಮ್ಮಲ್ಲಿಗೆ ಬಂದಿದ್ದ ಮಾವನವರಿಗೆ. ಸ್ನಾನ ಮುಗಿಸಿ ಬಂದವರು ಬೆನ್ನು ಮುಟ್ಟಿಕೊಳ್ಳುತ್ತ, “ಟವೆಲ್ ಹೊಸದಾ ಅಳಿಯಂದಿರೇ? ಸ್ವಲ್ಪ ಚುಚ್ಚುತ್ತೆ” ಅಂದರು. ತುಂಬ ಮರ್ಯಾದಸ್ಥರು. ನಾನು “ಹೌದು, ಎರಡು ಸಲ ಒಗೆದರೆ ಸರಿಹೋಗುತ್ತೆ” ಅಂದೆ. ಅವರು ಹಿತ್ತಲಿಗೆ ಹೋಗಿ, ಹೂಕುಂಡಗಳ ಪಕ್ಕ ನಿಂತು, ಟವೆಲನ್ನು ಪಟಪಟ ಅಂತ ಕೊಡವಿದರು.

ಈಗ ಗುಲಾಬಿ ಕುಂಡದಲ್ಲಿ ಗುಲಾಬಿಗಿಂತ ಹುಲುಸಾಗಿ ಉತ್ತರಾಣಿ ಎದ್ದಿದೆ. ಹೆಂಡತಿ ಕೀಳಲು ಹೋದರೆ ಮಾವನವರು ತಡೆದರು.

“ಇರಲಿ ಬಿಡಮ್ಮಾ, ಪಾಪ, ತಾನಾಗೇ ಬಂದಿದೆ.”