ಸ್ಪಷ್ಟನೆ: ಬ್ಯಾಡಗಿ ಮೆಣಸಿನಕಾಯಿ ಲೇಪ ನೋವಿನ ಪಟ್ಟಿಗೆ ಸಮವಲ್ಲ

‘ಬ್ಯಾಡಗಿ ಮೆಣಸಿನಕಾಯಿ ಅರೆದು ಎಣ್ಣೆಯಲ್ಲಿ ಕಲಸಿ ರಾತ್ರಿಯಿಡೀ ಮೊಣಕಾಲಿಗೆ ಕಟ್ಟಿ, ಅಮೆರಿಕದ ಕ್ಯಾಪ್ಸೈಸಿನ್ ಪಟ್ಟಿಯಷ್ಟೇ ಗುಣ’ ಎಂಬ ಸಂದೇಶ ಹಾವೇರಿ, ಹುಬ್ಬಳ್ಳಿ ಕಡೆ ಓಡಾಡುತ್ತಿದೆ. ತಪ್ಪು.

ಚರ್ಮಕ್ಕೆ ಅಂಟಿಸುವ ಆ ಪಟ್ಟಿಯಲ್ಲಿರುವುದು ಶೇ 8ರಷ್ಟು ಕ್ಯಾಪ್ಸೈಸಿನ್, ಅಂದರೆ ಮೆಣಸಿನಕಾಯಿಗೆ ಖಾರ ಕೊಡುವ ಅಂಶ. 2009ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿದ್ದು ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನರದ ನೋವಿಗೆ, ಮಂಡಿ ಸವೆತಕ್ಕಲ್ಲ. ಆಸ್ಪತ್ರೆಯವರು ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸು ತೊಟ್ಟು (ಲೇಟೆಕ್ಸ್ ಕೈಗವಸು ಖಾರ ತಡೆಯದು) ಪಟ್ಟಿ ಅಂಟಿಸಿ, 60 ನಿಮಿಷಕ್ಕೆ ತೆಗೆದುಬಿಡುತ್ತಾರೆ. ಬ್ಯಾಡಗಿಯ ಹೆಸರು ಬಣ್ಣಕ್ಕೆ, ಖಾರಕ್ಕಲ್ಲ. ಆದರೂ ರಾತ್ರಿಯಿಡೀ ಬಿಗಿದು ಕಟ್ಟಿದರೆ ಬೊಬ್ಬೆ ಏಳಲು ಅಷ್ಟೇ ಸಾಕು.

ಈಗಾಗಲೇ ಹಚ್ಚಿಕೊಂಡು ಉರಿಯುತ್ತಿದ್ದರೆ ಬರೀ ನೀರು ಸುರಿಯಬೇಡಿ, ಕ್ಯಾಪ್ಸೈಸಿನ್ ನೀರಿಗೆ ಕರಗದು. ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು ಹಾಕಿ ತಣ್ಣೀರಲ್ಲಿ ತೊಳೆಯಿರಿ. ಆ ಕೈ ಕಣ್ಣಿಗೆ ಹೋಗದಿರಲಿ.

ಶೇ 0.025ರಷ್ಟು ಕ್ಯಾಪ್ಸೈಸಿನ್ ಇರುವ ಮುಲಾಮು ಈ ಪಟ್ಟಿಗಿಂತ ಬೇರೆಯದೇ: ದಿನಕ್ಕೆ ಮೂರ್ನಾಲ್ಕು ಸಲ ಹಚ್ಚಬೇಕು, ಗುಣ ಕಾಣಲು ವಾರಗಳೇ ಹಿಡಿಯುತ್ತವೆ.